ರಬ್ಬರು ಹೊಗೆಮನೆಯೂ ಬೆಂಕಿಯ ಭಯವೂ

2024ನೆಯ ಇಸವಿ ಜನವರಿ 28ರಂದು ಬೆಳ್ತಂಗಡಿ ತಾಲೂಕಿನ ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುತ್ತಿದ್ದ ಸ್ಥಳವು ಸಿಡಿದು ಮೂವರು ಕೆಲಸಗಾರರು ಮೃತರಾದುದನ್ನು ಆ ಸೀಮೆಯವರು ಮರೆತಿರಲಾರರು. ಸಿಡಿಮದ್ದಿನ ಭಯವನ್ನು ಎಲ್ಲರೂ ಬಲ್ಲರು. ಆದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ರಬ್ಬರು ತೋಟಗಳಲ್ಲಿ ಹಗಲಿರುಳು ಬೆಂಕಿ ಕಾಯುವ ಹೊಗೆಮನೆಯೂ ಆಳುಗಳು ದುಡಿಯುವ ಸ್ಥಳವೇ ಎಂಬುದು ಎಷ್ಟೋ ಜಮೀನುದಾರರ ಗಮನಕ್ಕೆ ಬಂದಿಲ್ಲ.

ರಬ್ಬರು ಹಾಳೆಗಳು ಒಣಗಲು 40ರಿಂದ 60 ಡಿಗ್ರಿ ಸೆಂಟಿಗ್ರೇಡಿನ ಕಾವು ಸಾಕು. ಸುಮಾರು ನಾಲ್ಕು ದಿನ ಹಿಡಿಯುವುದು. ಧಾರಣೆ ಏರಿದೊಡನೆ ಆ ಕೆಲಸವನ್ನು ಎರಡೇ ದಿನಗಳಲ್ಲಿ ಮುಗಿಸುವ ಆತುರದಿಂದ ಒಣ ಗೆರಟೆಯನ್ನೂ ಸೌದೆಯನ್ನೂ ತುಂಬಿ ಉರಿ ಹೆಚ್ಚಿಸುವುದುಂಟು. ಕೋಲಿನಿಂದ ಜಾರಿದ ಒಂದು ಹಾಳೆ ಕೆಂಡದ ಮೇಲೆ ಬಿದ್ದರೆ ಸಾಕು, ಜ್ವಾಲೆಯು ಮೇಲಣ ಸಾಲುಗಳಿಗೆ ಏರುವುದು; ರಬ್ಬರು ಕರಗಿ ಉರಿಯುತ್ತಲೇ ತೊಟ್ಟಿಕ್ಕುವುದು. ಹೊಗೆಯ ಜಿಡ್ಡು ಹಿಡಿದ ಪಕ್ಕಾಸುಗಳು ಅದಕ್ಕೆ ಎಣ್ಣೆಯಂತೆ ಒದಗುವುವು.

ಒಲೆಯನ್ನು ಗೋಡೆಯ ಹೊರಗೆ ಕಟ್ಟಿ ಹೊಗೆಯನ್ನು ನೆಲದಡಿಯ ಕಾಲುವೆಯಿಂದ ಒಳಗೆ ಬಿಡುವುದೇ ಸರಿಯಾದ ಕ್ರಮ. ಒಲೆ ಒಳಗೇ ಇದ್ದಲ್ಲಿ ಅದರ ಮೇಲೆ ಕಬ್ಬಿಣದ ತಗಡನ್ನೂ, ಹಾಳೆಗಳ ಕೆಳಗೆ ತಂತಿಬಲೆಯನ್ನೂ ಇಡತಕ್ಕದ್ದು. ಮಸಿಯನ್ನು ಆಗಾಗ ಕೆರೆದು ತೆಗೆಯಬೇಕು. ಹೊಗೆಮನೆಯನ್ನು ಹಟ್ಟಿಗೆ ತಾಗಿಸಿ ಕಟ್ಟಿ, ಆ ಹಟ್ಟಿಯ ಅಟ್ಟದಲ್ಲೇ ವರ್ಷದ ಬೈಹುಲ್ಲನ್ನು ಪೇರಿಸುವ ರೂಢಿ (ಇದು ತಿಳಿದವರ ಮನೆಗಳಲ್ಲಿಯೂ ಉಂಟು) ಕೂಡಲೇ ನಿಲ್ಲತಕ್ಕದ್ದು. ವಿದ್ಯುತ್ತು ಹೋದರೆ ತೋಟದ ಪಂಪು ಕೆಲಸಕ್ಕೆ ಬಾರದು. ಆದುದರಿಂದ ಬಾಗಿಲ ಬಳಿ ಎರಡು ಪೀಪಾಯಿ ನೀರೂ ಬಾಲ್ದಿಗಳೂ ಸದಾ ಇರಬೇಕು.

ಬೆಂಕಿ ಬಿದ್ದಾಗ ಹಾಳೆಗಳನ್ನು ಉಳಿಸಲೆಂದು ಆಳನ್ನು ಒಳಗೆ ಅಟ್ಟುವುದು ಮಹಾಪರಾಧವು. ರಬ್ಬರಿನ ಕರಿಹೊಗೆಯಲ್ಲಿ ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪುವುದು. ಸರಕು ಹೋದರೆ ಹೋಗಲಿ. ಒಳಗೆ ಯಾರೂ ಇಲ್ಲವೆಂದು ಖಚಿತವಾದ ಮೇಲೆ ಬಾಗಿಲನ್ನು ಮುಚ್ಚಿ, ಗಾಳಿಯನ್ನು ತಡೆದು, ಸುತ್ತಲಿನ ಮಾಡುಗಳಿಗೆ ನೀರು ಹಾಯಿಸುವುದು ಲೇಸು. ಮೈಗೆ ಅಂಟಿದ ರಬ್ಬರನ್ನು ಕೀಳಬಾರದು. ತುಪ್ಪ ಮುಂತಾದುವನ್ನು ಹಚ್ಚದೆ 20 ನಿಮಿಷ ತಣ್ಣೀರು ಸುರಿದು, ಶುಭ್ರವಾದ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೂರು ಪೇಟೆಗಳಲ್ಲಿಯೂ ಅಗ್ನಿಶಾಮಕ ಠಾಣೆಗಳಿವೆ. 101 ಅಥವಾ 112 ಸಂಖ್ಯೆಗೆ ಕರೆಯಬಹುದು. ಆದರೆ ಗುಡ್ಡದ ಇಳಿಜಾರಿನ ತೋಟದ ದಾರಿಯಲ್ಲಿ ಆ ದೊಡ್ಡ ವಾಹನವು ಬಂದು ತಿರುಗಲು ಎಡೆಯುಂಟೋ, ಗೇಟು ಅಷ್ಟು ಅಗಲವಿದೆಯೋ, ಬೇಸಗೆಯಲ್ಲಿಯೂ ನೀರಿರುವ ಕೆರೆ ಯಾವುದು ಎಂಬುದನ್ನು ಊರ ಮುಖಂಡರು ಜಮೀನುದಾರರೊಡನೆ ಮಾರ್ಗಶಿರ ಮಾಸದೊಳಗಾಗಿ ನಡೆದು ನೋಡಿ, ಪೊದೆಗಳನ್ನು ಸವರಿಸಿಡತಕ್ಕದ್ದು.