ಕುದುರೆಮುಖದ ಮಂಜಿನಲ್ಲಿ ಇಪ್ಪತ್ತು ನಿಮಿಷ

“ಮೇಷ್ಟ್ರೇ, ಉಂಬಳ ಕಚ್ಚಿದ್ದು ಗೊತ್ತೇ ಆಗೋದಿಲ್ಲವಂತಲ್ಲ, ನಿಜವೇ?”

ಬ್ಯಾಂಕಿನ ಗೆಳೆಯರು ಹೀಗೆ ಕೇಳುವ ಹೊತ್ತಿಗೆ ಅವರ ಬಿಳಿ ಕಾಲುಚೀಲದ ಮೇಲೆ ರೂಪಾಯಿಯಗಲದ ಕೆಂಪು ಕಲೆ ಮೂಡಿಯಾಗಿತ್ತು. ಉಂಬಳವೆಂದರೆ ಮಲೆನಾಡಿನ ಜಿಗಣೆ. ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹಾಗಾಗಿ ಅದು ಹೊಟ್ಟೆ ತುಂಬಿ ಉದುರಿದ ಮೇಲೂ ಗಾಯ ಸೋರುತ್ತಲೇ ಇರುತ್ತದೆ. ನಾನು ಪಾಠ ಶುರು ಮಾಡಿದ್ದನ್ನು ಕಂಡು ನಮ್ಮ ಮಾರ್ಗದರ್ಶಿ ಯುವಕ ನಕ್ಕು, ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪೊಟ್ಟಣ ಮುಂದೆ ಹಿಡಿದ. “ಮೊದಲು ಇದನ್ನು ಹಚ್ಚಿಕೊಳ್ಳಿ ಸಾರ್, ಪಾಠ ಆಮೇಲೆ.”

ಕಳೆದ ದಸರಾ ರಜೆಯಲ್ಲಿ ನಾವು ಮೂರು ಕುಟುಂಬದ ಎಂಟು ಮಂದಿ ಕುದುರೆಮುಖ ಹತ್ತಲು ಹೊರಟಿದ್ದೆವು. ನಾನು, ನನ್ನಾಕೆ, ಪಿಯುಸಿ ಓದುವ ಮಗಳು. ಬ್ಯಾಂಕಿನ ಗೆಳೆಯರು, ಅವರ ಪತ್ನಿ, ಒಂಬತ್ತನೇ ತರಗತಿಯ ಮಗ. ಜೊತೆಗೆ ನಮ್ಮ ಶಾಲೆಯ ಕನ್ನಡ ಪಂಡಿತರ ದಂಪತಿ. ಕಳಸದ ಹತ್ತಿರದ ಸಂಸೆ, ಬಾಳಗಲ್ಲು ದಾಟಿ, ಎಲುಬು ಎಣಿಸುವಂಥ ಜೀಪು ದಾರಿಯಲ್ಲಿ ಮುಳ್ಳೋಡಿ ಸೇರಿ, ಅಲ್ಲೊಂದು ಮನೆಯಲ್ಲಿ ರಾತ್ರಿ ಕಳೆದೆವು. ಇದು 1987ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ. ಅರಣ್ಯ ಇಲಾಖೆಯ ಅನುಮತಿ ಬೇಕು, ಮಾರ್ಗದರ್ಶಿ ಬೇಕು, ಬೆಟ್ಟದ ಮೇಲೆ ತಂಗುವಂತಿಲ್ಲ. ಹತ್ತಿದವರು ಅಂದೇ ಇಳಿಯಬೇಕು. ಹೋಗಿಬರುವ ದಾರಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು.

ಬೆಳಿಗ್ಗೆ ಏಳೂವರೆಗೆ ಹೊರಟಾಗ ಆಕಾಶ ತೊಳೆದ ಹಂಡೆಯಂತಿತ್ತು. ಹಳ್ಳಗಳನ್ನು ಬೂಟು ಕೈಯಲ್ಲಿ ಹಿಡಿದು ದಾಟಿದೆವು. ನೀರು ಪಾದ ಮುಳುಗುವಷ್ಟೇ. ‘ಒಂಟಿಮರ’ದ ಹತ್ತಿರ ಕೂತು ಚಿತ್ರಾನ್ನದ ಬುತ್ತಿ ಬಿಚ್ಚಿದೆವು. ಅಲ್ಲಿಂದ ಮುಂದೆ ಬೆಟ್ಟದ ಮೈ ಬಯಲಾಗುತ್ತದೆ. ಎದೆಯುಬ್ಬಿನ ಮೇಲೆಲ್ಲ ಹುಲ್ಲು, ಮಡಿಕೆಮಡಿಕೆಗಳಲ್ಲಿ ಮಾತ್ರ ಒತ್ತೊತ್ತಾಗಿ ಕಾಡು. ಇದಕ್ಕೆ ಶೋಲಾ ಎನ್ನುತ್ತಾರೆ, ತಮಿಳಿನ ‘ಸೋಲೈ’ಯಿಂದ ಬಂದ ಮಾತು.

“ಯಾರೋ ಕತ್ತರಿಸಿ ನೆಟ್ಟ ಹಾಗಿದೆಯಲ್ಲ ಅಪ್ಪಾ, ಮರಗಳು ಮೇಲಕ್ಕೆ ಯಾಕೆ ಹತ್ತಿಲ್ಲ?” ಎಂದಳು ಮಗಳು. ಒಳ್ಳೆಯ ಪ್ರಶ್ನೆ. ಉಬ್ಬುಗಳ ಮೇಲೆ ಮಣ್ಣು ತೆಳು, ಗಾಳಿ ಜೋರು, ಬೇಸಿಗೆಯಲ್ಲಿ ಬೆಂಕಿಯ ಭಯ. ಮಡಿಕೆಗಳಲ್ಲಿ ಮಣ್ಣು ಆಳ, ತೇವ ಹೆಚ್ಚು. ಯಾವ ಕಾರಣ ಎಷ್ಟು ಮುಖ್ಯ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೆ ಹುಲ್ಲು ಮತ್ತು ಕಾಡು ಸೇರಿ ಮಳೆಗಾಲದ ನೀರನ್ನು ಸ್ಪಂಜಿನ ಹಾಗೆ ಹೀರಿ, ವರ್ಷವಿಡೀ ಸ್ವಲ್ಪಸ್ವಲ್ಪವೇ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವುದು ಈ ಸಾಲಿನ ಗಂಗಾಮೂಲದಲ್ಲೇ. ಇದೇ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು ಎಂದರೆ ಹುಡುಗ ನಂಬಲಿಲ್ಲ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಅದು ನಿಂತಿತು. ಅವನು ಆಗ ಹುಟ್ಟಿರಲೇ ಇಲ್ಲ.

ತಪ್ಪು ನಡೆದದ್ದು ಇಲ್ಲಿಂದ ಮುಂದೆ. ತಪ್ಪು ನನ್ನದು.

ಮಕ್ಕಳಿಬ್ಬರಿಗೂ ನಮ್ಮ ಆಮೆನಡಿಗೆ ಬೇಸರವಾಗಿತ್ತು. “ಮುಂದೆ ಹೋಗ್ತೀವಿ” ಎಂದರು. ಮಾರ್ಗದರ್ಶಿ ಹಿಂದೆ ಪಂಡಿತರಿಗೆ ಕೈ ಕೊಟ್ಟು ಹತ್ತಿಸುತ್ತಿದ್ದ. ಅವನನ್ನು ಕೇಳದೆ ನಾನೇ ಹೇಳಿಬಿಟ್ಟೆ: “ಹೋಗಿ, ಹೋಗಿ, ದಾರಿ ಒಂದೇ.”

ಹನ್ನೊಂದೂವರೆಯ ಹೊತ್ತಿಗೆ ಪಡುವಣದಿಂದ ಮಂಜು ಎದ್ದಿತು. ಕಡಲ ಕಡೆಯ ಒದ್ದೆ ಗಾಳಿ ಘಟ್ಟದ ಗೋಡೆಗೆ ತಾಗಿ ಮೇಲೇರುತ್ತದೆ, ಏರಿದಂತೆ ತಣಿಯುತ್ತದೆ, ಆವಿ ಹನಿಯಾಗುತ್ತದೆ. ಈ ಚಿತ್ರವನ್ನು ಕರಿಹಲಗೆಯ ಮೇಲೆ ಮೂವತ್ತು ವರ್ಷ ಬರೆದವನು ನಾನು. ಅದು ಐದೇ ನಿಮಿಷದಲ್ಲಿ ಹತ್ತು ಹೆಜ್ಜೆಯಾಚೆಯ ಹೆಂಡತಿಯನ್ನೂ ಅಳಿಸಿಹಾಕುತ್ತದೆಂದು ಮಾತ್ರ ತಿಳಿದಿರಲಿಲ್ಲ. ಟಾರ್ಚು ಹಾಕಿದರೆ ಬೆಳಕು ಹನಿಗಳಲ್ಲಿ ಚದುರಿ ನಮ್ಮ ಕಣ್ಣಿಗೇ ಹೊಡೆಯಿತು. ಮೊಬೈಲು ಕೆಳಗೇ ಮೂಕವಾಗಿತ್ತು. ಬ್ಯಾಂಕಿನ ಗೆಳೆಯರ ಪತ್ನಿ ಮಗನ ಹೆಸರು ಹಿಡಿದು ಕೂಗತೊಡಗಿದರು. ನಾವೆಲ್ಲರೂ ಕೂಗಿದೆವು.

“ಎಲ್ಲರೂ ಸುಮ್ಮನಿರಿ. ಒಬ್ಬರೂ ಎದ್ದು ಓಡಾಡಬೇಡಿ” ಎಂದ ಮಾರ್ಗದರ್ಶಿ. ಇಪ್ಪತ್ತಮೂರು-ನಾಲ್ಕರ ಆ ಹುಡುಗನ ದನಿಗೆ ನಾವು ಮಕ್ಕಳಂತೆ ಕೂತೆವು. “ದಾರಿ ಒಂದೇ ಅಲ್ಲ ಸಾರ್. ಕಾಟಿಗಳು ತುಳಿದ ಜಾಡೂ ಹೀಗೇ ಇರ್ತದೆ.” ಸೀಟಿ ಇದೆಯೇ ಎಂದು ಕೇಳಿದ. ಇತ್ತು, ಶಾಲೆಯ ಆಟದ ಮೇಷ್ಟ್ರಿಂದ ತಂದದ್ದು, ನನ್ನ ಚೀಲದಲ್ಲಿ ಭದ್ರವಾಗಿತ್ತು. ಮಕ್ಕಳ ಕೊರಳಲ್ಲಿ ಇರಬೇಕಾದ ವಸ್ತು.

ಅವನು ಮೂರು ಬಾರಿ ಊದುವನು, ನಿಲ್ಲಿಸಿ ಕಿವಿಗೊಡುವನು. ಮತ್ತೆ ಮೂರು. ನಾಲ್ಕನೆಯ ಸಲ ಎಡಗಡೆ ಕೆಳಗಿನಿಂದ ಸಣ್ಣಗೆ ಒಂದು ಕೂಗು ಬಂತು. ಅವನೊಬ್ಬನೇ ಇಳಿದುಹೋದ. ಗಡಿಯಾರದಲ್ಲಿ ಒಟ್ಟು ಇಪ್ಪತ್ತು ನಿಮಿಷ. ನನ್ನಾಕೆ ಆ ಹೊತ್ತಿನಲ್ಲಿ ನನ್ನೊಡನೆ ಒಂದು ಮಾತೂ ಆಡಲಿಲ್ಲ.

ಮಕ್ಕಳು ಬಂಡೆಯೊಂದರ ಮರೆಯಲ್ಲಿ ಕೂತಿದ್ದರಂತೆ. ಮಂಜು ಕವಿದ ಕೂಡಲೇ ಹುಡುಗ ವಾಪಸು ಓಡೋಣವೆಂದಿದ್ದ. ಮಗಳು ಅವನ ರಟ್ಟೆ ಹಿಡಿದು ಕೂರಿಸಿದ್ದಳು. “ನಾವೂ ನಡೆದು ನೀವೂ ನಡೆದರೆ ಸಿಗೋದು ಹೇಗೆ?” ಎಂದಳು. ಹುಡುಗನ ಹಲ್ಲು ಕಟಕಟ ಎನ್ನುತ್ತಿತ್ತು. ಹತ್ತಿಯ ಅಂಗಿ, ಜೀನ್ಸ್ ಎರಡೂ ತೊಯ್ದಿದ್ದವು. ನೀರು ಮೈಯ ಶಾಖವನ್ನು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಗ ಸೆಳೆಯುತ್ತದೆ. ಅದರ ಮೇಲೆ ಬೀಸುಗಾಳಿ. ಒದ್ದೆ ಬಟ್ಟೆ ಬಿಚ್ಚಿಸಿ, ಪಂಡಿತರ ಉಣ್ಣೆಯ ಸ್ವೆಟರು ತೊಡಿಸಿ, ಬೆಲ್ಲ ತಿನ್ನಿಸಿದ ಮೇಲೆ ಮುಖಕ್ಕೆ ಬಣ್ಣ ಬಂತು. ಪಾಲಕರೇ, ಜೀನ್ಸನ್ನು ಮನೆಯಲ್ಲಿ ಬಿಡಿ. ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಿ.

ತುದಿಗೆ ಇನ್ನು ಒಂದು ಗಂಟೆಯ ದಾರಿ. ಸುಮಾರು 1,890 ಮೀಟರ್ ಎತ್ತರದ ಆ ಶಿಖರಕ್ಕಾಗಿ ಆರು ತಿಂಗಳಿಂದ ಕನಸು ಕಂಡಿದ್ದೆವು. “ಇಷ್ಟು ದೂರ ಬಂದು…” ಎಂದು ಬ್ಯಾಂಕಿನ ಗೆಳೆಯರು ರಾಗ ತೆಗೆದರು. ಮಂಜು ತುಸು ಹರಿದಿತ್ತು ಬೇರೆ. ಮಾರ್ಗದರ್ಶಿ ಮೋಡ ನೋಡಿ, “ಮಳೆ ಉಂಟು” ಎಂದಷ್ಟೇ ಹೇಳಿದ. ಗೆಳೆಯರ ಪತ್ನಿ ಚೀಲ ಹೆಗಲಿಗೇರಿಸಿ ಇಳಿಜಾರಿನ ಕಡೆಗೆ ತಿರುಗಿದರು. ಚರ್ಚೆ ಮುಗಿಯಿತು.

ಒಂಟಿಮರ ದಾಟುವಷ್ಟರಲ್ಲಿ ಮಳೆ ಹೊಡೆಯಿತು. ಬೆಳಿಗ್ಗೆ ಪಾದ ತೊಳೆದಿದ್ದ ಹಳ್ಳ ಈಗ ಕೆಂಪಗೆ, ಮೊಳಕಾಲಿನವರೆಗೆ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಈ ಸೂತ್ರವನ್ನು ಅಂದು ನಾನು ಯಾರಿಗೂ ಹೇಳಲಿಲ್ಲ, ಕಾಲಿಗೇ ಅರ್ಥವಾಗುತ್ತಿತ್ತು. ಮಾರ್ಗದರ್ಶಿ ಕೋಲೂರಿ ಮೊದಲು ದಾಟಿ, ಮರಳಿ ಬಂದು, ನಮ್ಮನ್ನು ಮೂವರು ಮೂವರಾಗಿ ಕೈ ಕೋಸಿ ದಾಟಿಸಿದ. ಆಚೆ ದಡದಲ್ಲಿ ಬ್ಯಾಂಕಿನ ಗೆಳೆಯರು ಹಿಂದಿರುಗಿ ನೋಡಿ, “ಇನ್ನೆರಡು ಗಂಟೆ ತಡವಾಗಿದ್ದರೆ?” ಎಂದರು. ಯಾರೂ ಉತ್ತರಿಸಲಿಲ್ಲ.

ಮುಳ್ಳೋಡಿಯ ಮನೆಯಲ್ಲಿ ಹಂಡೆಯ ಬಿಸಿನೀರು, ಬೆಲ್ಲದ ಕಾಫಿ, ಒಲೆಯ ಮುಂದೆ ಜಾಗ. ಹುಡುಗ ಸ್ವೆಟರಿನೊಳಗಿಂದಲೇ ಕೇಳಿದ: “ಅಂಕಲ್, ಕ್ಲಾಸಿನಲ್ಲಿ ಕುದುರೆಮುಖ ಹತ್ತಿದೆ ಅಂತ ಹೇಳಬಹುದಾ?”

“ಅರ್ಧ ಹತ್ತಿದೆ ಅನ್ನು” ಎಂದರು ಅವನ ತಾಯಿ.

“ಮುಕ್ಕಾಲು” ಎಂದು ಮಗಳು ತಿದ್ದಿದಳು. ನನ್ನಾಕೆ ಆ ದಿನ ಮೊದಲ ಬಾರಿಗೆ ನಕ್ಕು, ನನ್ನ ಕೊರಳಪಟ್ಟಿಯಿಂದ ತುಂಬಿದ ಉಂಬಳವೊಂದನ್ನು ಕಿತ್ತು ಒಲೆಗೆ ಹಾಕಿದಳು.