ಎಲ್‌ಇಡಿ ಫಲಕದ ನಿಯಂತ್ರಕ: ಅಧಿಕ ವೋಲ್ಟೇಜಿನ ಹಾನಿ ಮತ್ತು ದೋಷಪತ್ತೆ

ಎಲ್‌ಇಡಿ ಫಲಕದ ನಿಯಂತ್ರಕವು ಅಂಗಡಿ, ಬಸ್ಸು, ರೈಲು ನಿಲ್ದಾಣ ಮೊದಲಾದೆಡೆ ಕಾಣುವ ಚಲಿಸುವ ಅಕ್ಷರಗಳ ಫಲಕದಲ್ಲಿ ಯಾವ ದೀಪ ಯಾವಾಗ ಬೆಳಗಬೇಕೆಂಬುದನ್ನು ನಿರ್ಧರಿಸುವ ಸರ್ಕ್ಯೂಟ್ ಬೋರ್ಡ್ ಆಗಿದೆ. ಇದು ಸಾಮಾನ್ಯವಾಗಿ 5 ವೋಲ್ಟ್ ಏಕಮುಖ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ. ಇದರಲ್ಲಿರುವ 74ಎಚ್‌ಸಿ ವರ್ಗದ ಚಿಪ್‌ಗಳು ತಾಳಿಕೊಳ್ಳುವ ಗರಿಷ್ಠ ಮಿತಿ 7 ವೋಲ್ಟ್. ಆದುದರಿಂದ 12 ವೋಲ್ಟಿನ ಅಡಾಪ್ಟರನ್ನು ತಪ್ಪಿ ಜೋಡಿಸಿದರೆ ಕ್ಷಣಮಾತ್ರದಲ್ಲಿ ಹಾನಿಯಾಗಬಹುದು.

== ಕಾರಣಗಳು ==

ಬೆಳಗಾವಿ–ಖಾನಾಪುರ ರಸ್ತೆಯಲ್ಲಿರುವ ಮಚ್ಛೆಯು ಕೈಗಾರಿಕಾ ಪ್ರದೇಶವನ್ನು ಹೊಂದಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಇಲ್ಲಿಯೇ ಇದೆ. ಹೀಗೆ ಕಾರ್ಖಾನೆಗಳೂ ಅಂಗಡಿಗಳೂ ಅಕ್ಕಪಕ್ಕದಲ್ಲಿರುವ ಊರುಗಳಲ್ಲಿ ಮೂರು ಫೇಸ್, ಒಂದು ನ್ಯೂಟ್ರಲ್ ಎಂಬ ನಾಲ್ಕು ತಂತಿಗಳ ಮೂಲಕ ವಿದ್ಯುತ್ ಹಂಚಿಕೆಯಾಗುತ್ತದೆ. ಮಳೆಗಾಲದಲ್ಲಿ ಕೊಂಬೆ ಬಿದ್ದೋ ಜೋಡಣೆ ಸಡಿಲವಾಗಿಯೋ ನ್ಯೂಟ್ರಲ್ ತಂತಿ ಕಡಿದುಹೋದರೆ, ಕಡಿಮೆ ಹೊರೆಯಿರುವ ಫೇಸಿನಲ್ಲಿ 230 ವೋಲ್ಟ್ ಇರಬೇಕಾದುದು 400ರ ಸಮೀಪಕ್ಕೆ ಏರಬಹುದು. ಒಂದೆರಡು ದೀಪ ಮತ್ತು ಒಂದು ಫಲಕವಷ್ಟೇ ಉರಿಯುವ ಸಣ್ಣ ಅಂಗಡಿಗೆ ಇದರ ಪೆಟ್ಟು ಹೆಚ್ಚು.

ಆದರೆ ಫಲಕ ಕತ್ತಲಾದ ಮಾತ್ರಕ್ಕೆ ನಿಯಂತ್ರಕವೇ ಸುಟ್ಟಿದೆಯೆಂದು ತಿಳಿಯುವುದು ಸರಿಯಲ್ಲ. ಇಂತಹ ಸಂದರ್ಭದಲ್ಲಿ ಅನೇಕ ವೇಳೆ 230 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ಘಟಕವೇ ತಾನು ಕೆಟ್ಟು ಬೋರ್ಡನ್ನು ಉಳಿಸಿರುತ್ತದೆ. ಆ ಘಟಕದ 115/230 ಸ್ವಿಚ್ಚು 115ರ ಕಡೆಗಿದ್ದರೂ ಅದು ಸುಟ್ಟುಹೋಗುತ್ತದೆ.

== ಪರೀಕ್ಷಾ ಕ್ರಮ ==

ಕಾರಣವನ್ನು ನಿವಾರಿಸದೆ ಹೊಸ ಬೋರ್ಡ್ ಹಾಕಿದರೆ ಅದೂ ಸುಡುತ್ತದೆ. ಆದ್ದರಿಂದ ಪರೀಕ್ಷೆಯು ವಿದ್ಯುತ್ ಬರುವ ಕಡೆಯಿಂದಲೇ ಆರಂಭವಾಗಬೇಕು. ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 325 ವೋಲ್ಟ್ ಸಂಗ್ರಹವಾಗಿದ್ದು, ಸಂಪರ್ಕ ತೆಗೆದ ಮೇಲೂ ಕೆಲಕಾಲ ಉಳಿಯಬಹುದು. ಅನುಭವವಿಲ್ಲದ ವಿದ್ಯಾರ್ಥಿಗಳು ಅದನ್ನು ತೆರೆಯಲೇಬಾರದು. ಬೋರ್ಡನ್ನು ಬೇರ್ಪಡಿಸಿ, ಎಸ್‌ಎಂಪಿಎಸ್‌ನ ಹೊರಹರಿವು 5 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರಿನಿಂದ ಅಳೆದರೆ ಸಾಕು. ಶೂನ್ಯವಿದ್ದರೂ ಮಿತಿ ಮೀರಿದ್ದರೂ ಆ ಘಟಕವನ್ನು ಬದಲಿಸಬೇಕು.

ಅನಂತರ, ವಿದ್ಯುತ್ ಇಲ್ಲದಿರುವಾಗಲೇ ಬೋರ್ಡಿನ ಧನ ಮತ್ತು ಋಣ ತುದಿಗಳ ನಡುವಿನ ರೋಧವನ್ನು ನೋಡಬೇಕು. ಅದು ಶೂನ್ಯಕ್ಕೆ ಹತ್ತಿರವಿದ್ದರೆ ಎಲ್ಲೋ ಶಾರ್ಟ್ ಆಗಿದೆ. ಪ್ರವೇಶದ್ವಾರದಲ್ಲಿ ರಕ್ಷಣೆಗಾಗಿ ಇಟ್ಟ ಡಯೋಡ್ ಇದ್ದರೆ ಮೊದಲ ಅನುಮಾನ ಅದರ ಮೇಲೆಯೇ ಬೀಳಬೇಕು. ಹೆಚ್ಚಿನ ವೋಲ್ಟೇಜ್ ಬಂದಾಗ ತಾನು ಶಾರ್ಟ್ ಆಗಿ ಉಳಿದವನ್ನು ಕಾಯುವುದೇ ಅದರ ಕೆಲಸ. ಅದನ್ನು ಬಿಚ್ಚಿದಾಗ ಶಾರ್ಟ್ ಮಾಯವಾದರೆ, ಕೆಲವೇ ರೂಪಾಯಿಗಳ ಭಾಗದಿಂದ ಬೋರ್ಡ್ ಉಳಿಯುವ ಸಾಧ್ಯತೆಯಿದೆ. ಆದರೆ ಹೊಸ ಡಯೋಡ್ ಹಾಕದೆ ಬೋರ್ಡನ್ನು ಬಳಕೆಗೆ ಕೊಡಬಾರದು.

ಶಾರ್ಟ್ ಇಲ್ಲದಿದ್ದರೆ, ಪ್ರವಾಹಕ್ಕೆ ಮಿತಿ ಹಾಕಬಲ್ಲ ಪವರ್ ಸಪ್ಲೈನಿಂದ 5 ವೋಲ್ಟ್ ಕೊಟ್ಟು, ರೆಗ್ಯುಲೇಟರಿನ ಹೊರತುದಿಯಲ್ಲಿ 3.3 ವೋಲ್ಟ್ ಬರುತ್ತಿದೆಯೇ ಎಂದು ಅಳೆಯಲಾಗುತ್ತದೆ. ಅಲ್ಲಿ ಪೂರ್ತಿ 5 ವೋಲ್ಟ್ ಕಂಡರೆ ಮೈಕ್ರೋಕಂಟ್ರೋಲರ್ ಕೂಡ ಕೆಟ್ಟಿರುವ ಸಂಭವ ಹೆಚ್ಚು. ಹೊಸ ಚಿಪ್ಪಿನಲ್ಲಿ ತಯಾರಕರ ತಂತ್ರಾಂಶ ಇರುವುದಿಲ್ಲವಾದ್ದರಿಂದ, ಆಗ ಇಡೀ ಬೋರ್ಡನ್ನು ಬದಲಿಸುವುದೇ ವಿವೇಕ.

ಎಲ್ಲ ವೋಲ್ಟೇಜುಗಳೂ ಸರಿಯಿದ್ದು ಅಕ್ಷರಗಳು ಮಾತ್ರ ಚೆದುರಿದ್ದರೆ, ನಿಯಂತ್ರಕಕ್ಕೂ ಫಲಕಕ್ಕೂ ನಡುವೆ ಇರುವ 74ಎಚ್‌ಸಿ245 ಚಿಪ್ಪನ್ನು ಪರಿಶೀಲಿಸಬೇಕು. 32×16 ದೀಪಗಳ ಪಿ10 ಏಕವರ್ಣ ಫಲಕದಲ್ಲಿ ಪ್ರತಿ ನಾಲ್ಕನೆಯ ಸಾಲು ಕತ್ತಲಾಗಿದ್ದರೆ ದೋಷವು ಸಾಲು ಆಯ್ಕೆಯ ಭಾಗದಲ್ಲಿದೆ. ಒಳ್ಳೆಯದೆಂದು ಖಚಿತವಿರುವ ಒಂದೇ ಫಲಕವನ್ನು ಜೋಡಿಸಿ ನೋಡಿದರೆ, ತಪ್ಪು ನಿಯಂತ್ರಕದ್ದೋ ಫಲಕದ್ದೋ ಎಂಬುದು ಸ್ಪಷ್ಟವಾಗುತ್ತದೆ.

== ಕನ್ನಡ ಬರಹ ==

ಇಂತಹ ಅನೇಕ ಬೋರ್ಡುಗಳಲ್ಲಿ ಕನ್ನಡ ಲಿಪಿ ಇರುವುದಿಲ್ಲ. ಗಣಕಯಂತ್ರವು ಬರಹವನ್ನು ಚಿತ್ರವಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಹದಿನಾರೇ ಸಾಲುಗಳೊಳಗೆ ಒತ್ತಕ್ಷರಗಳು ಇಕ್ಕಟ್ಟಾಗಿ, ಕೆಲವೊಮ್ಮೆ ಕತ್ತರಿಸಿದಂತೆ ಕಾಣುವುದುಂಟು. ಅದು ವಿದ್ಯುತ್ ದೋಷವಲ್ಲ. ಬೋರ್ಡ್ ಬದಲಿಸಿದ ಬಳಿಕ ಬರಹವನ್ನು ಮತ್ತೆ ತುಂಬಬೇಕಾಗುವುದರಿಂದ, ಮೂಲ ಕಡತವನ್ನು ಅಂಗಡಿಯವರು ತಮ್ಮ ಬಳಿ ಇಟ್ಟುಕೊಂಡಿರಬೇಕು.