ಮೊದಲು ಮುಟ್ಟುವವರು ಯಾರು?

ಹೊಸದಾಗಿ ಸೇರಿದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೊಂದು ಸ್ವಾಗತ ಕೂಟ. ಕೈಯಲ್ಲಿ ಲೋಟ, ಮುಖದ ಮೇಲೆ ಬಲವಂತದ ನಗು, ಯಾರ ಹತ್ತಿರ ಹೋಗಿ ಏನು ಮಾತಾಡುವುದೆಂದು ತೋಚದೆ ಅತ್ತಿತ್ತ ಅಲೆಯುವ ಕಣ್ಣು. ಅಲ್ಲೇ ಒಂದು ಕಡೆ ದೊಡ್ಡ ಪರದೆ, ಅದರ ಮುಂದೊಂದು ಲ್ಯಾಪ್‌ಟಾಪ್. ಯಾರು ಬೇಕಾದರೂ ಬಂದು ತಮ್ಮ ಅಭಿಪ್ರಾಯವನ್ನು ಟೈಪ್ ಮಾಡಬಹುದು. ಟೈಪ್ ಮಾಡಿದ್ದು ವ್ಯಂಗ್ಯಚಿತ್ರದ ಪಾತ್ರವೊಂದರ ಬಾಯಿಂದ ಹೊರಟ ಮಾತಿನಂತೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ವ್ಯವಸ್ಥೆ ಅಷ್ಟೇ. ಆದರೂ ಶುರುವಿನಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ.

ಈ ಪ್ರಯೋಗದ ಹೆಸರು ‘ಒಪಿನಿಯನೈಸರ್’. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ ಮತ್ತು ಯವಾನ್ ರೋಜರ್ಸ್ ಅದನ್ನು ಒಂದು ಪುಸ್ತಕ ಬಿಡುಗಡೆ ಸಮಾರಂಭದಲ್ಲಿ ಮತ್ತು ವಿದ್ಯಾರ್ಥಿಗಳ ಇಂಥದೊಂದು ಕೂಟದಲ್ಲಿ ಇಟ್ಟು, ಜನ ಹೇಗೆ ನಡೆದುಕೊಳ್ಳುತ್ತಾರೆಂದು ಗಮನಿಸಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನ ಸಾರ್ವಜನಿಕ ಪರದೆಗಳ ವಿನ್ಯಾಸಕ್ಕೆ ಕೈಹಾಕುವವರು ಇಂದಿಗೂ ಓದುವ ಪಾಠ. ಯಂತ್ರ ಕೈಕೊಟ್ಟಿದ್ದರಿಂದಲೋ ಬಳಸುವುದು ಕಷ್ಟವಾಗಿದ್ದರಿಂದಲೋ ಜನ ದೂರ ಉಳಿದಿರಲಿಲ್ಲ. ಅವರನ್ನು ತಡೆದದ್ದು ಸಂಕೋಚ. ನಾಲ್ಕು ಜನರ ಮುಂದೆ ತಪ್ಪು ಮಾಡಿದರೆ? ಎಷ್ಟು ಹೊತ್ತು ಹಿಡಿಯುತ್ತದೆ? ಮಧ್ಯದಲ್ಲೇ ಬಿಟ್ಟು ಬಂದರೆ ಚೆನ್ನಾಗಿರುತ್ತದೆಯೇ? ಇಷ್ಟಕ್ಕೆ ಉತ್ತರ ಸಿಗುವವರೆಗೆ ಕಾಲು ಮುಂದಕ್ಕೆ ಹೋಗುವುದಿಲ್ಲ.

ಉತ್ತರ ಸಿಗುತ್ತಿದ್ದದ್ದು ಇನ್ನೊಬ್ಬರನ್ನು ನೋಡಿ. ಧೈರ್ಯ ಮಾಡಿ ಒಬ್ಬರು ಕೀಲಿಮಣೆ ಮುಟ್ಟಿದರೆ ಸಾಕು, ಹಿಂದೆ ಇಬ್ಬರು ನಿಲ್ಲುತ್ತಾರೆ. ಆ ಇಬ್ಬರನ್ನು ಕಂಡು ಇನ್ನಷ್ಟು ಜನ. ಪರದೆಯತ್ತ ತಿರುಗಿ ನೋಡದವರೂ ಗುಂಪಿನತ್ತ ನೋಡುತ್ತಾರೆ. ಸಂಶೋಧಕರು ಇದನ್ನು ಜೇನುಗಡಿಗೆಯ ಪರಿಣಾಮ ಎಂದು ಕರೆದರು; ನಮ್ಮಲ್ಲಾಗಿದ್ದರೆ ಬೆಲ್ಲಕ್ಕೆ ಮುತ್ತಿದ ಇರುವೆ ಎನ್ನುತ್ತಿದ್ದರೇನೋ. ಕೋಣೆಯಲ್ಲಿದ್ದವರನ್ನು ಅವರು ಮೂರು ವಲಯಗಳಾಗಿ ಗುರುತಿಸಿದರು. ಪರದೆ ಇದೆಯೆಂದಷ್ಟೇ ಗೊತ್ತಿದ್ದು ತಮ್ಮ ಪಾಡಿಗೆ ತಾವಿರುವವರು ಹೊರವಲಯದಲ್ಲಿ. ಹತ್ತಿರ ನಿಂತು ನೋಡುತ್ತ, ಅದರ ಬಗ್ಗೆಯೇ ಮಾತಾಡುವವರು ನಡುವಲಯದಲ್ಲಿ. ಕೈಯಿಟ್ಟು ಬಳಸುವವರು ಒಳವಲಯದಲ್ಲಿ. ಒಂದರಿಂದ ಇನ್ನೊಂದಕ್ಕೆ ದಾಟುವ ಹೊಸ್ತಿಲಲ್ಲೇ ಜನ ತಡೆಯುತ್ತಾರೆ.

ಹಾಸ್ಟೆಲಿನ ಕೇರಂ ಬೋರ್ಡ್ ಕಂಡವರಿಗೆ ಈ ನಕ್ಷೆ ಹೊಸದಲ್ಲ. ಆಡುವವರು ನಾಲ್ವರು, ಹಿಂದೆ ನಿಂತು ‘ಆ ಕಾಯಿ ಹೊಡಿ, ಈ ಕಾಯಿ ಹೊಡಿ’ ಎಂದು ಸಲಹೆ ಕೊಡುವವರು ಆರು ಜನ. ಆಟ ಬಾರದವನೂ ಅಲ್ಲಿ ನಿಲ್ಲಬಹುದು, ಯಾರೂ ಏಕೆಂದು ಕೇಳುವುದಿಲ್ಲ. ಎರಡು ದಿನ ಹಾಗೆ ನಿಂತವನನ್ನು ಮೂರನೆಯ ದಿನ ಯಾರೋ ‘ಬಾ, ಒಂದು ಕೈ ಕಮ್ಮಿಯಿದೆ’ ಎಂದು ಕೂರಿಸುತ್ತಾರೆ. ನಡುವಲಯಕ್ಕೆ ಜಾಗ ಕೊಟ್ಟಿರುವುದೇ ಆ ಹಲಗೆಯ ಜಾಣತನ. ಒಬ್ಬರೇ ಎದುರು ನಿಂತು ಬಳಸಬೇಕಾದ, ಹಿಂದೆ ನಿಂತವರಿಗೆ ಏನೂ ಕಾಣದ ಕಿಯಾಸ್ಕಿನಲ್ಲಿ ಇಲ್ಲದಿರುವುದೂ ಅದೇ.

ವಿದ್ಯಾರ್ಥಿಗಳನ್ನು ಹೀಗೆ ಬೆರೆಸಬೇಕಾದರೂ ಏಕೆ? ಒಂದೇ ಕಟ್ಟಡದಲ್ಲಿ ಓದುವವರು ತಾವಾಗಿಯೇ ಗೆಳೆಯರಾಗುವುದಿಲ್ಲವೇ? ಆಗುತ್ತಾರೆ, ಆದರೆ ಕಟ್ಟಡ ಹೇಳಿದಂತೆ. ಅಮೆರಿಕದ ಎಂಐಟಿ ಎರಡನೆಯ ಮಹಾಯುದ್ಧದ ನಂತರ ವಿವಾಹಿತ ವಿದ್ಯಾರ್ಥಿಗಳಿಗಾಗಿ ಕಟ್ಟಿಸಿದ ವಸತಿಗೃಹಗಳಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಗೆಳೆತನಗಳ ಲೆಕ್ಕ ಹಾಕಿದ್ದರು. 1950ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಪಕ್ಕದ ಮನೆಯವರನ್ನು ಆಪ್ತರೆಂದವರು ಶೇ 41. ಎರಡು ಬಾಗಿಲು ಆಚೆಯವರನ್ನು ಹಾಗೆಂದವರು ಶೇ 22. ಅದೇ ಮಹಡಿಯ ಇನ್ನೊಂದು ತುದಿಯವರನ್ನು ಹೆಸರಿಸಿದವರು ಶೇ 10 ಮಾತ್ರ. ನಡುವಿನ ದೂರ ಹೆಚ್ಚೆಂದರೆ ಒಂದು ಮಹಡಿಯ ಉದ್ದದಷ್ಟು. ಮೆಟ್ಟಿಲ ಬುಡದಲ್ಲಿದ್ದ ಮನೆಯವರಿಗೆ ಮೇಲ್ಮಹಡಿಯ ಗೆಳೆಯರು ಹೆಚ್ಚು, ಏಕೆಂದರೆ ಮೇಲಿನವರು ದಿನವೂ ಅವರ ಬಾಗಿಲ ಮುಂದೆಯೇ ಓಡಾಡಬೇಕಿತ್ತು.

ಗಾಢ ಗೆಳೆತನದ ಮಾತು ಹಾಗಿರಲಿ, ಮುಖಪರಿಚಯದ ಒಂದೆರಡು ಮಾತಿಗೂ ಬೆಲೆಯಿದೆ. ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರ ಜೇಬಿನಲ್ಲಿ ಬೆರಳಿನಿಂದ ಒತ್ತಿ ಎಣಿಸುವ ಎರಡು ಪುಟ್ಟ ಸಾಧನಗಳಿದ್ದವು. ಆಪ್ತರೊಡನೆ ಮಾತಾಡಿದರೆ ಒಂದನ್ನು ಒತ್ತಬೇಕು, ಅಷ್ಟೇನೂ ಪರಿಚಯವಿಲ್ಲದವರೊಡನೆ ಮಾತಾಡಿದರೆ ಇನ್ನೊಂದನ್ನು. ಸಹಪಾಠಿಗಳೊಡನೆ ಎಂದಿಗಿಂತ ಹೆಚ್ಚು ಮಾತುಕತೆ ನಡೆದ ದಿನಗಳಲ್ಲಿ ವಿದ್ಯಾರ್ಥಿಗಳು ಹೆಚ್ಚು ಸಂತೋಷದಿಂದಿದ್ದರು, ತಾವೂ ಈ ಗುಂಪಿನವರು ಎಂಬ ಭಾವನೆ ಅವರಲ್ಲಿ ಹೆಚ್ಚಿತ್ತು.

ತೊಡಕಿರುವುದು ಆ ಮೊದಲ ಮಾತಿನಲ್ಲಿ. ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ‘ಪರಿಚಿತ ಅಪರಿಚಿತ’ರ ಬಗ್ಗೆ ಬರೆದರು. ಅವರ ವಿದ್ಯಾರ್ಥಿಗಳು ರೈಲು ನಿಲ್ದಾಣದಲ್ಲಿ ಬೆಳಗಿನ ಪ್ರಯಾಣಿಕರ ಫೋಟೊ ತೆಗೆದು, ಮುಂದೆ ಅದೇ ಪ್ರಯಾಣಿಕರ ಕೈಗೆ ಕೊಟ್ಟು ವಿಚಾರಿಸಿದಾಗ, ಒಬ್ಬೊಬ್ಬರೂ ಸರಾಸರಿ ನಾಲ್ವರ ಮುಖ ಗುರುತಿಸಿದರು. ಅವರೊಂದಿಗೆ ಒಮ್ಮೆಯೂ ಮಾತಾಡಿರಲಿಲ್ಲ. ದಿನವೂ ಸುಮ್ಮನಿದ್ದು ಸುಮ್ಮನಿದ್ದು, ಆ ಮೌನವೇ ಒಪ್ಪಂದದಂತೆ ಗಟ್ಟಿಯಾಗುತ್ತದೆ. ಏನಾದರೂ ಅಸಾಮಾನ್ಯವಾದದ್ದು ನಡೆದಾಗ ಮಾತ್ರ ಅದು ಸಡಿಲವಾಗುತ್ತದೆ. ನ್ಯೂಯಾರ್ಕಿನ ಚೌಕಗಳನ್ನು ಕ್ಯಾಮೆರಾ ಇಟ್ಟು ಅಭ್ಯಾಸ ಮಾಡಿದ ವಿಲಿಯಂ ವೈಟ್ 1980ರಲ್ಲಿ ಇದನ್ನೇ ತ್ರಿಕೋನದ ಲೆಕ್ಕದಲ್ಲಿ ಹೇಳಿದರು. ಇಬ್ಬರು ಅಪರಿಚಿತರ ನಡುವೆ ಮೂರನೆಯದೊಂದು ಬೇಕು: ಒಬ್ಬ ಬೀದಿ ಕಲಾವಿದ, ಒಂದು ವಿಚಿತ್ರ ಶಿಲ್ಪ. ಮಾತು ಅದರ ನೆಪದಲ್ಲಿ ಶುರುವಾಗುತ್ತದೆ.

ಹಾಗಿದ್ದರೆ ಕಾಲೇಜಿನ ಮೊಗಸಾಲೆಯಲ್ಲಿ ಒಂದು ದೊಡ್ಡ ಪರದೆ ತೂಗುಹಾಕಿದರೆ ಕೆಲಸ ಮುಗಿಯಿತೇ?

ಮುಗಿಯುವುದಿಲ್ಲ. ಪರದೆಗಳನ್ನು ನೋಡದೇ ಇರುವುದನ್ನು ನಮ್ಮ ಕಣ್ಣು ಯಾವತ್ತೋ ಕಲಿತುಬಿಟ್ಟಿದೆ. ಜರ್ಮನಿಯ ಯೋರ್ಗ್ ಮ್ಯುಲರ್ ಮತ್ತು ಸಂಗಡಿಗರು 2009ರಲ್ಲಿ ಇದಕ್ಕೆ ‘ಪರದೆ ಕುರುಡು’ ಎಂಬರ್ಥದ ಹೆಸರಿಟ್ಟರು. ಪರದೆಯಲ್ಲಿ ಜಾಹೀರಾತೋ ಮತ್ತೊಂದೋ ಬೇಡದ್ದೇ ಇರುತ್ತದೆಂದು ಮೊದಲೇ ತೀರ್ಮಾನಿಸಿದವರಿಗೆ ಅದು ಗೋಡೆಯ ಭಾಗವಾಗಿ ಹೋಗುತ್ತದೆ. ನೋಡಿದರೂ ಒಂದೆರಡು ಸೆಕೆಂಡು. ಕಣ್ಣಿನ ಮಟ್ಟದಲ್ಲಿರುವ ಪರದೆಗಿಂತ ತಲೆ ಎತ್ತಿ ನೋಡಬೇಕಾದದ್ದಕ್ಕೆ ಸಿಗುವ ಗಮನ ಇನ್ನೂ ಕಡಿಮೆ. ಹೆಚ್ಚಿನ ಸಂಸ್ಥೆಗಳು ಅದನ್ನು ನೇತುಹಾಕುವುದು ಮಾತ್ರ ಅಲ್ಲೇ, ಸೂರಿಗೆ ಹತ್ತಿರವಾಗಿ.

ಈ ಕುರುಡನ್ನು ಬಿಡಿಸಲು ಮ್ಯುಲರ್ ತಂಡ ಬಳಸಿದ್ದು ಕನ್ನಡಿಯ ಉಪಾಯ. 2012ರ ‘ಲುಕಿಂಗ್ ಗ್ಲಾಸ್’ ಅಧ್ಯಯನದಲ್ಲಿ ಅಂಗಡಿಯ ಗಾಜಿನ ಹಿಂದೆ ಮೂರು ಪರದೆಗಳನ್ನಿಟ್ಟು ಮೂರು ವಾರ ಗಮನಿಸಿದರು. ಪಕ್ಕದಲ್ಲಿ ಹಾದುಹೋಗುವವರ ಚಲನೆಯನ್ನು ಕ್ಯಾಮೆರಾ ಹಿಡಿದು, ಅವರದೇ ಪ್ರತಿಬಿಂಬವನ್ನು ಪರದೆಯ ಮೇಲೆ ಮೂಡಿಸುತ್ತಿತ್ತು. ‘ಮುಂದೆ ಬನ್ನಿ, ಆಟವಾಡಿ’ ಎಂಬ ಧಾಟಿಯ ಆಹ್ವಾನ ತೋರಿಸುವುದಕ್ಕೆ ಹೋಲಿಸಿದರೆ, ನಡೆಯುವವರ ನೆರಳಿನಾಕಾರವನ್ನು ತೋರಿಸಿದಾಗ ಬಳಸಿದವರು ಶೇ 47ರಷ್ಟು ಹೆಚ್ಚಾದರು. ಇಡೀ ಪ್ರತಿಬಿಂಬವನ್ನೇ ತೋರಿಸಿದಾಗ ಶೇ 90ರಷ್ಟು. ಜಾತ್ರೆಯ ಗದ್ದಲದಲ್ಲೂ ಯಾರಾದರೂ ನಮ್ಮ ಹೆಸರು ಕೂಗಿದರೆ ತಟ್ಟನೆ ತಿರುಗುತ್ತೇವಲ್ಲ, ಕಣ್ಣಿಗೆ ತನ್ನದೇ ರೂಪ ಕಂಡಾಗ ಆಗುವುದೂ ಹಾಗೆಯೇ.

ಅದೇ ತಂಡ ಪ್ರಯೋಗಾಲಯದಲ್ಲಿ ಇನ್ನೊಂದನ್ನು ಅಳೆಯಿತು. ಪರದೆ ತನಗೆ ಸ್ಪಂದಿಸುತ್ತಿದೆ ಎಂದು ಮನಸ್ಸಿಗೆ ಹೊಳೆಯಲು ಸುಮಾರು 1.2 ಸೆಕೆಂಡು ಬೇಕು. ಸಾಧಾರಣ ನಡಿಗೆಯಲ್ಲಿ ಅಷ್ಟರೊಳಗೆ ಒಂದೂವರೆ ಮೀಟರು ದಾಟಿರುತ್ತದೆ. ಹಾಗಾಗಿ ಬೀದಿಯಲ್ಲಿ ಎಷ್ಟೋ ಜನ ಪರದೆಯನ್ನು ದಾಟಿಹೋಗಿ, ತಡೆದು, ನಾಲ್ಕು ಹೆಜ್ಜೆ ವಾಪಸ್ ಬಂದರು, ಇಳಿಯಬೇಕಾದ ಸ್ಟಾಪ್ ತಪ್ಪಿಸಿಕೊಂಡ ಬಸ್ ಪ್ರಯಾಣಿಕರಂತೆ. ಆದರೆ ಕ್ಲಾಸಿಗೆ ತಡವಾದ ವಿದ್ಯಾರ್ಥಿ ವಾಪಸ್ ಬರುವನೇ? ನಡೆಯುವವರಿಗೆ ಪಕ್ಕದ ಗೋಡೆಯಲ್ಲಿರುವ ಪರದೆಗಿಂತ ಕಾರಿಡಾರಿನ ಕೊನೆಯಲ್ಲಿ ಎದುರಾಗುವ ಪರದೆ, ಅದಕ್ಕಿಂತ ಕಾಫಿಗೆ ಸಾಲು ನಿಲ್ಲುವ ಕಡೆಯ ಪರದೆ ಮೇಲು. ಸಾಲಿನಲ್ಲಿ ನಿಂತವರ ಬಳಿ ಸಮಯವಿದೆ. ಸುಮ್ಮನೆ ನಿಲ್ಲುವುದಕ್ಕೊಂದು ಕಾರಣವೂ ಇದೆ.

ಜನ ಸೇರಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿದ್ದ ‘ಸಿಟಿವಾಲ್’ ಒಳ್ಳೆಯ ಸಾಕ್ಷಿ. ನಗರದ ನಡುವೆ ಹಲವರು ಒಟ್ಟಿಗೆ ಮುಟ್ಟಬಹುದಾದ ಉದ್ದನೆಯ ಪರದೆ. ಅದರ ತುಂಬ ಊರಿನ ಫೋಟೊಗಳು. ಎರಡು ಬೆರಳಿನಿಂದ ಹಿಗ್ಗಿಸಿದರೆ ಫೋಟೊ ದೊಡ್ಡದಾಗುತ್ತದೆ. ಎಂಟು ದಿನಗಳಲ್ಲಿ ಅದನ್ನು ಮುಟ್ಟಿದ 1199 ಜನರ ವಿಡಿಯೊಗಳನ್ನು ಸಂಶೋಧಕರು ಪರಿಶೀಲಿಸಿ 2008ರಲ್ಲಿ ವರದಿ ಮಾಡಿದರು. ಒಬ್ಬರು ಹಿಗ್ಗಿಸಿದ ಫೋಟೊ ಪಕ್ಕದವರ ಫೋಟೊವನ್ನು ಮುಚ್ಚಿಬಿಡುತ್ತಿತ್ತು. ವಿನ್ಯಾಸಕರ ಕಣ್ಣಿಗೆ ಅದು ದೋಷ. ಆದರೆ ಆ ಡಿಕ್ಕಿಯಿಂದಲೇ ಪಕ್ಕದವರತ್ತ ತಿರುಗಬೇಕಾಗುತ್ತಿತ್ತು. ಕೆಲವರು ಗುರುಗಳಾದರು, ಕೆಲವರು ಶಿಷ್ಯರು, ಇನ್ನು ಕೆಲವರು ಸುತ್ತಲಿನವರನ್ನು ನಗಿಸಲು ನಿಂತ ವಿದೂಷಕರು. ಒಬ್ಬೊಬ್ಬರಿಗೂ ಅಳೆದು ಗೆರೆ ಎಳೆದು ಜಾಗ ಹಂಚಿಕೊಟ್ಟಿದ್ದರೆ ಈ ಡಿಕ್ಕಿಯೂ ಇರುತ್ತಿರಲಿಲ್ಲ, ಮಾತೂ ಇರುತ್ತಿರಲಿಲ್ಲ.

ಪರದೆಯೊಳಗೆ ಏನಿರಬೇಕು? ಬ್ರಿಗ್ನಲ್ ಮತ್ತು ಸಂಗಡಿಗರು ‘ಡೈನಮೊ’ ಎಂಬ ಹಂಚಿಕೆಯ ಪರದೆಯನ್ನು ಪ್ರೌಢಶಾಲೆಯೊಂದರ ವಿರಾಮ ಕೋಣೆಯಲ್ಲಿಟ್ಟು 2004ರಲ್ಲಿ ವರದಿ ಮಾಡಿದ್ದರು. ವಿದ್ಯಾರ್ಥಿಗಳು ಅದನ್ನು ತಮ್ಮದಾಗಿಸಿಕೊಂಡದ್ದು ಅದರೊಳಗೆ ತಮ್ಮದೇ ಫೋಟೊ, ವಿಡಿಯೊ, ಹಾಡು ತುಂಬಿ. ಗೆಳೆಯರಿಗೆ ತೋರಿಸಿ ಮೆರೆಯುವುದೂ ನಡೆಯಿತು, ಆಮೇಲೆ ಬರುವವರಿಗೆಂದು ಏನಾದರೂ ಬಿಟ್ಟುಹೋಗುವುದೂ ನಡೆಯಿತು. ಆಡಳಿತ ಕಚೇರಿ ಕಳಿಸಿದ ಸೂಚನೆಗಳಷ್ಟೇ ಓಡುವ ಪರದೆಯ ಮುಂದೆ ಯಾರೂ ಪಕ್ಕದವರ ಭುಜ ತಟ್ಟಿ ‘ಇಲ್ಲಿ ನೋಡೋ’ ಎನ್ನುವುದಿಲ್ಲ.

ಕನ್ನಡಿ, ಗುಂಪು, ಸ್ವಂತದ್ದು ಎಂಬ ಭಾವ, ಮೂರನ್ನೂ ಕೂಡಿಸಿದ ಪ್ರಯೋಗ 2011ರಲ್ಲಿ ಎಂಐಟಿಯ ಆವರಣದಲ್ಲಿ ನಡೆಯಿತು. ಹೆಸರು ‘ಮೂಡ್ ಮೀಟರ್’. ಮಾಡಿದವರು ಹವಿಯರ್ ಹರ್ನಾಂಡೆಜ್, ಎಹ್ಸಾನ್ ಹಕ್, ರೋಸಲಿಂಡ್ ಪಿಕಾರ್ಡ್ ಮತ್ತು ಸಂಗಡಿಗರು. ವಿದ್ಯಾರ್ಥಿಗಳು ಓಡಾಡುವ ನಾಲ್ಕು ಕಡೆ ಕ್ಯಾಮೆರಾ ಮತ್ತು ಪರದೆಗಳು ಹತ್ತು ವಾರ ಇದ್ದವು. ಕಂಪ್ಯೂಟರು ಎದುರಿನ ದೃಶ್ಯದಲ್ಲಿ ಮುಖಗಳನ್ನು ಹುಡುಕುತ್ತದೆ, ಪ್ರತಿ ಮುಖ ಎಷ್ಟು ನಗುತ್ತಿದೆಯೆಂದು ಅಂದಾಜಿಸುತ್ತದೆ, ಪರದೆಯಲ್ಲಿ ಆ ಮುಖದ ಮೇಲೆ ಅದಕ್ಕೆ ತಕ್ಕ ಗೊಂಬೆಮುಖವೊಂದನ್ನು ಅಂಟಿಸುತ್ತದೆ. ನಕ್ಕರೆ ಗೊಂಬೆಯೂ ನಗುತ್ತದೆ. ಹಾಗಾಗಿ ಮುಖ ಗಂಟಿಕ್ಕಿಕೊಂಡೇ ಬಂದವರೂ ಗೊಂಬೆಯನ್ನು ನಗಿಸಿ ನೋಡುವ ಆಸೆಗೆ ಬೀಳುತ್ತಿದ್ದರು. ಪಕ್ಕದಲ್ಲಿದ್ದವರಿಗೆ ಇದನ್ನು ನೋಡಿಯೇ ನಗು.

ಕ್ಯಾಮೆರಾ ಎಂದ ಕೂಡಲೇ ಏಳುವ ಆತಂಕ ತಂಡಕ್ಕೂ ಗೊತ್ತಿತ್ತು. ವಿನ್ಯಾಸವನ್ನು ಕಟ್ಟಿಹಾಕಿದ ಮುಖ್ಯ ಸಂಗತಿಗಳಲ್ಲಿ ಖಾಸಗಿತನದ ಪ್ರಶ್ನೆಯೂ ಒಂದು ಎಂದು ಅವರೇ ಬರೆದಿದ್ದಾರೆ. ಮುಚ್ಚುಮರೆ ಇಲ್ಲದಿರುವುದೇ ಜನರ ಒಪ್ಪಿಗೆ ಗಳಿಸುವ ದಾರಿ ಎಂಬುದು ಅವರು ಕಂಡುಕೊಂಡ ಉತ್ತರ. ಕ್ಯಾಮೆರಾ ಏನು ಕಾಣುತ್ತಿದೆಯೋ ಅದು ಎದುರಿನವರಿಗೂ ಪರದೆಯಲ್ಲಿ ಕಾಣುತ್ತಿತ್ತು. ಅವರು ಬಯಸಿದ್ದು ನಗುವಿನ ಎಣಿಕೆಯನ್ನೇ ಹೊರತು ಯಾರ ಗುರುತನ್ನೂ ಅಲ್ಲ.

ಎಚ್ಚರ ಬೇಕಾಗುವುದು ಇಲ್ಲಿಯೇ. ಜನರ ಸಂಕೋಚ ಹೇಗೆ ಕೆಲಸ ಮಾಡುತ್ತದೆಂದು ತಿಳಿದವರು ಅದನ್ನು ಕರಗಿಸಬಹುದು, ದುಡ್ಡಾಗಿಯೂ ಮಾಡಿಕೊಳ್ಳಬಹುದು. ಒಪಿನಿಯನೈಸರ್‌ನ ಬ್ರಿಗ್ನಲ್ ಅವರೇ 2010ರಲ್ಲಿ, ಬಳಕೆದಾರರನ್ನು ಯಾಮಾರಿಸುವ ಜಾಲತಾಣಗಳ ತಂತ್ರಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿಟ್ಟು ಪಟ್ಟಿ ಮಾಡತೊಡಗಿದರು. ಪರದೆಯ ಮುಂದೆ ಜನ ಎಷ್ಟು ನಿಮಿಷ ನಿಂತರು ಎಂಬುದನ್ನಷ್ಟೇ ಎಣಿಸಿದರೆ, ವಿದ್ಯಾರ್ಥಿಯೊಬ್ಬ ಒಂಟಿಯಾಗಿ ಅರ್ಧ ಗಂಟೆ ಆಟವಾಡಿದ್ದೂ ಯಶಸ್ಸಿನ ಲೆಕ್ಕಕ್ಕೆ ಸೇರುತ್ತದೆ. ಎಣಿಸಬೇಕಾದದ್ದು ಪರದೆಯಿಂದ ಪಕ್ಕದವರತ್ತ ತಿರುಗಿದ ಮುಖಗಳನ್ನು. ಅದಕ್ಕೆ ಹೆಲ್ಸಿಂಕಿಯಲ್ಲಿ ಮಾಡಿದಂತೆ ಯಾರಾದರೂ ಕೂತು ತಾಳ್ಮೆಯಿಂದ ವಿಡಿಯೊ ನೋಡಬೇಕು.

ಮೂಡ್ ಮೀಟರ್ ಬಗ್ಗೆ 300 ಜನ ಅಭಿಪ್ರಾಯ ಬರೆದುಕೊಟ್ಟರು. ತಾವು ಅಂದುಕೊಂಡದ್ದಕ್ಕಿಂತ ಹೆಚ್ಚು ನಕ್ಕೆವು, ತಮಗೂ ಸುತ್ತಲಿದ್ದವರಿಗೂ ಆ ಹೊತ್ತಿಗೆ ಹಾಯೆನಿಸಿತು ಎಂದು ಅವರು ಹೇಳಿದರು. ಹತ್ತು ವಾರಗಳ ಲೆಕ್ಕ ತೆಗೆದಾಗ ಇಡೀ ಕ್ಯಾಂಪಸ್ಸಿನ ನಾಡಿಬಡಿತದಂಥದ್ದೊಂದು ಕಂಡಿತು: ವಾರಾಂತ್ಯಕ್ಕೆ ನಗು ಏರುತ್ತಿತ್ತು, ಪರೀಕ್ಷೆಗಳು ಬಂದಾಗ ಇಳಿಯುತ್ತಿತ್ತು. ಅತಿ ಹೆಚ್ಚು ನಗು ದಾಖಲಾದದ್ದು ಪದವಿ ಪ್ರದಾನದ ಮರುದಿನ.